ಜಪಾನಿ ಬೇಸ್‌ಬಾಲ್ ಗೇಮ್: ನೋಡೋಕೆ ಅಸಲಿ, ಆಡೋಕೆ ಬೇಜಾರು, ಯಾಕೆ ಹೀಗೆ?

ಓದುಗರ ಪ್ರಶ್ನೆ: ನಾನು ಹಾಸನದವನು, ಈಗ ಕೆಲಸದ ಮೇಲೆ ನಾಗೋಯಾದಲ್ಲಿದ್ದೇನೆ. ಚಿಕ್ಕಂದಿನಿಂದ ಕ್ರಿಕೆಟ್ ಗೇಮ್ ಆಡಿಕೊಂಡು ಬಂದವನು. ಇಲ್ಲಿಗೆ ಬಂದ ಮೇಲೆ ಆಫೀಸಿನವರ ಜೊತೆ ಇಲ್ಲಿನ ತಂಡ ಡ್ರಾಗನ್ಸ್ ಮ್ಯಾಚ್ ನೋಡಿ ಬೇಸ್‌ಬಾಲ್ ಹುಚ್ಚು ಹಿಡಿಯಿತು. ಪ್ಲೇಸ್ಟೇಷನ್ 5ಕ್ಕೆ 'ಪ್ರೊಸ್ಪಿ' ಅನ್ನೋ ಬೇಸ್‌ಬಾಲ್ ಗೇಮ್ ತಗೊಂಡೆ. ನೋಡೋಕೆ ಥೇಟ್ ಟಿವಿ ಮ್ಯಾಚೇ. ಆದರೆ ಬ್ಯಾಟಿಂಗ್ ಮಾಡೋಕೇ ಆಗ್ತಿಲ್ಲ. ಚೆಂಡು ಕಾಣೋ ಹೊತ್ತಿಗೆ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರ) ಕೈಯಲ್ಲಿರುತ್ತೆ. ಲೆವೆಲ್ ಇಳಿಸಿದರೆ ಇಪ್ಪತ್ತು ರನ್ ಹೊಡೀತೀನಿ, ಅದೂ ಬೇಜಾರು. ಡ್ರಾಗನ್ಸ್ ತಂಡ ಇಟ್ಟುಕೊಂಡರೆ ಹೋಮ್‌ರನ್ (ನಮ್ಮ ಸಿಕ್ಸರ್ ಥರ) ಬೀಳೋದೇ ಇಲ್ಲ. ಕಂಪ್ಯೂಟರ್ ಮೋಸ ಮಾಡುತ್ತಾ? 'ಪವಪುರೊ' ತಗೋ ಅಂತ ಒಬ್ಬ ಸಹೋದ್ಯೋಗಿ ಹೇಳ್ತಾನೆ, ಆದರೆ ಅದು ದೊಡ್ಡ ತಲೆ ಗೊಂಬೆಗಳ ಮಕ್ಕಳ ಆಟದ ಥರ ಇದೆ. ನನಗೆ ಬೇಕಿರೋದು ಅಸಲಿ ಬೇಸ್‌ಬಾಲ್. ಅಸಲಿತನ ಬೇಕು ಅಂದರೆ ಮಜಾ ಬಿಡಲೇಬೇಕಾ? ಮನೇಲಿ ಒಂಬತ್ತು ವರ್ಷದ ಮಗಳೂ ಆಡಬೇಕು ಅಂತಾಳೆ. ನನ್ನ ಜಪಾನಿ ಭಾಷೆ ಅಷ್ಟಕ್ಕಷ್ಟೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತಕರಾರು ಒಂದಕ್ಕೊಂದು ಹೆಣೆದುಕೊಂಡಿವೆ. ಚೆಂಡು ಕಾಣಲ್ಲ ಅನ್ನೋದು ಒಂದು. ಕಂಪ್ಯೂಟರ್ ಮೇಲಿನ ಅನುಮಾನ ಇನ್ನೊಂದು. ಗೊಂಬೆ ಮುಖ ಇದ್ದರೆ ಆಟ ಅಸಲಿ ಅಲ್ಲ ಅನ್ನೋದು ಮೂರನೆಯದು. ನಾನು ಸ್ಪೋರ್ಟ್ಸ್ ಗೇಮ್‌ಗಳಲ್ಲಿ ಬ್ಯಾಟಿಂಗ್ ಟ್ಯೂನಿಂಗ್ ಮಾಡೋ ಕೆಲಸದವನು. ಈ ಮೂರನೆಯದನ್ನು ಕೇಳಿ ಕೇಳಿ ನನಗೆ ಅಭ್ಯಾಸ ಆಗಿಬಿಟ್ಟಿದೆ, ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀನಿ.

ಮೊದಲು ಒಂದು ವಿಷಯ. ನೀವು ತಗೊಂಡಿರೋ ಪ್ರೊಸ್ಪಿ ಮತ್ತು ನಿಮ್ಮ ಸಹೋದ್ಯೋಗಿ ಹೇಳಿದ ಪವಪುರೊ ಎರಡೂ ಕೊನಾಮಿ ಕಂಪನಿಯದ್ದೇ. ಪವಪುರೊ 1994ರಲ್ಲಿ ನಿಂಟೆಂಡೊದ ಹಳೇ ಗೇಮ್ ಯಂತ್ರ ಸೂಪರ್ ಫ್ಯಾಮಿಕಾಂಗೆ ಬಂತು. ಪ್ರೊಸ್ಪಿ ಹತ್ತು ವರ್ಷ ಬಿಟ್ಟು, 2004ರಲ್ಲಿ. ಅಂದರೆ ನೀವು 'ಅಸಲಿ' ಅನ್ನೋ ಆಟ ಹುಟ್ಟಿದ್ದು 'ಮಕ್ಕಳ ಆಟ' ಮಾಡುತ್ತಿದ್ದ ಮನೆಯಲ್ಲೇ. ಬ್ಯಾಟಿಂಗ್ ಮಾಡುವ ಮೂಲ ಐಡಿಯಾ, ಅಂದರೆ ಕರ್ಸರ್ ಸರಿಸಿ ಚೆಂಡಿನ ಜಾಗಕ್ಕೆ ಇಟ್ಟು ಟೈಮಿಂಗ್‌ನಲ್ಲಿ ಬೀಸೋದು, ಎರಡರಲ್ಲೂ ಒಂದೇ. ಇನ್ನೊಂದು ಮಾತು ಕೇಳಿ. 2018ರಲ್ಲಿ ಜಪಾನಿನ ಪ್ರೊ ಬೇಸ್‌ಬಾಲ್ ಸಂಸ್ಥೆ ಕೊನಾಮಿ ಜೊತೆ ಸೇರಿ 12 ತಂಡಗಳ ಹೆಸರಲ್ಲೇ ಇ-ಸ್ಪೋರ್ಟ್ಸ್ ಲೀಗ್ ಮಾಡಿದಾಗ ಆಡಿಸಿದ್ದು ಈ ದೊಡ್ಡ ತಲೆ ಗೊಂಬೆಗಳ ಪವಪುರೊವನ್ನೇ. 2021ರ ಒಲಿಂಪಿಕ್ ವರ್ಚುವಲ್ ಸೀರೀಸ್‌ನಲ್ಲಿ ಬೇಸ್‌ಬಾಲ್‌ಗೆ ಆರಿಸಿದ್ದೂ ಅದನ್ನೇ. ಮಕ್ಕಳ ಆಟ ಅಂದುಕೊಂಡಿದ್ದರೆ ಹೀಗೆ ಮಾಡ್ತಿದ್ರಾ?

ಅಸಲಿ ಅಂದರೆ ಯಾವುದು ಅಸಲಿ ಅಂತ ಕೇಳಿಕೊಳ್ಳಬೇಕು. ಕಣ್ಣಿಗೆ ಕಾಣೋದಾ, ಕೈಗೆ ಸಿಗೋದಾ, ಅಥವಾ ಮ್ಯಾಚ್ ಮುಗಿದ ಮೇಲೆ ಸ್ಕೋರ್ ಬೋರ್ಡ್‌ನಲ್ಲಿ ಉಳಿಯೋದಾ? ಈ ಮೂರೂ ಒಂದೇ ಆಟದಲ್ಲಿ ಒಟ್ಟಿಗೆ ಬರೋದು ಬಹಳ ಅಪರೂಪ. ಎಷ್ಟೋ ಸಲ ಒಂದು ಇನ್ನೊಂದರ ಕಾಲೆಳೆಯುತ್ತೆ.

ಇದು ಹೊಸ ಗೋಳಲ್ಲ. 1987ರಲ್ಲಿ ಜಲೆಕೊ ಕಂಪನಿ ನಿಂಟೆಂಡೊದ ಇನ್ನೂ ಹಳೇ ಯಂತ್ರ ಫ್ಯಾಮಿಕಾಂಗೆ 'ಮೊಯೆರೊ!! ಪ್ರೊ ಯಾಕ್ಯೂ' ಅಂತ ಒಂದು ಆಟ ತಂದಿತು. ಆಗಿನ ಬೇರೆ ಆಟಗಳಲ್ಲಿ ಕ್ಯಾಮೆರಾ ಬ್ಯಾಟರ್ ಹಿಂದೆ ಇರುತ್ತಿತ್ತು. ಇವರು ಟಿವಿ ಪ್ರಸಾರದ ಹಾಗೆ ಪಿಚರ್ (ಚೆಂಡು ಎಸೆಯೋನು) ಬೆನ್ನಿನ ಹಿಂದೆ ಇಟ್ಟರು. ಅಂಪೈರ್ ಕೂಗೋ ದನಿ ಹಾಕಿದರು. ನೋಡಿದವರೆಲ್ಲ 'ಅಬ್ಬಾ, ಅಸಲಿ' ಅಂದರು. ಆಡಿ ನೋಡಿದರೆ, ಬಲಶಾಲಿ ಬ್ಯಾಟರ್ ಸುಮ್ನೆ ಬ್ಯಾಟ್ ಅಡ್ಡ ಹಿಡಿದು ಬಂಟ್ ಮಾಡಿದರೂ ಚೆಂಡು ಹಾರಿ ಹೋಮ್‌ರನ್! 'ಬಂಟ್ ಹೋಮ್‌ರನ್' ಅನ್ನೋದು ಜಪಾನಿನಲ್ಲಿ ಇವತ್ತಿಗೂ ಜೋಕು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗೆ.

ಅದಕ್ಕೆ ಒಂದು ವರ್ಷ ಮೊದಲು, 1986ರಲ್ಲಿ ಬಂದ ನಾಮ್ಕೊ ಕಂಪನಿಯ 'ಫ್ಯಾಮಿಸ್ಟಾ' ನೋಡಿ. ಗುಂಡು ಗುಂಡು ಆಟಗಾರರು, ಎರಡೇ ಬಟನ್. ಪಿಚರ್ ಚೆಂಡು ಬಿಟ್ಟ ಮೇಲೂ ನೀವು ಅದನ್ನು ಗಾಳಿಯಲ್ಲೇ ಎಡಕ್ಕೂ ಬಲಕ್ಕೂ ತಿರುಗಿಸಬಹುದು. ಭೌತಶಾಸ್ತ್ರದ ಮೇಷ್ಟ್ರು ನೋಡಿದರೆ ತಲೆ ಚಚ್ಚಿಕೊಳ್ಳುತ್ತಾರೆ. ಆದರೆ ಪಕ್ಕದಲ್ಲಿ ಕೂತ ಗೆಳೆಯನ ಮನಸ್ಸಲ್ಲಿ ಏನಿದೆ, ಈ ಸಲ ಒಳಗೆ ತಿರುಗಿಸ್ತಾನಾ ಹೊರಗೆ ಬಿಡ್ತಾನಾ ಅಂತ ಊಹಿಸೋ ಆಟ ಇದೆಯಲ್ಲ, ಪಿಚರ್‌ಗೂ ಬ್ಯಾಟರ್‌ಗೂ ನಡುವಿನ ಆ ತಂತ್ರ, ಅದು ಪಕ್ಕಾ ಬೇಸ್‌ಬಾಲ್.

ಈಗ ನಿಮ್ಮ ಕಣ್ಣಿನ ತೊಂದರೆಗೆ ಬರೋಣ. ಇಲ್ಲಿ ಸ್ವಲ್ಪ ಲೆಕ್ಕ ಬೇಕು.

ಪಿಚರ್ ನಿಲ್ಲೋ ಪಟ್ಟಿಯಿಂದ ಬ್ಯಾಟರ್ ಪಕ್ಕದಲ್ಲಿರೋ ಹೋಮ್ ಪ್ಲೇಟ್‌ಗೆ 18.44 ಮೀಟರ್. ಪಿಚರ್ ಮುಂದಕ್ಕೆ ಹೆಜ್ಜೆ ಹಾಕಿ ಚೆಂಡು ಬಿಡೋದರಿಂದ ಅದು ಹಾರೋ ದೂರ ಇನ್ನೂ ಕಡಿಮೆ. ಗಂಟೆಗೆ 150 ಕಿ.ಮೀ. ವೇಗದ ಚೆಂಡು ಪ್ಲೇಟ್ ಮುಟ್ಟೋಕೆ ಸುಮಾರು 0.4 ಸೆಕೆಂಡ್ ಸಾಕು. ಸೆಕೆಂಡಿಗೆ 60 ಫ್ರೇಮ್ ಓಡೋ ಗೇಮ್‌ನಲ್ಲಿ ಅದು 24 ಫ್ರೇಮ್. ಕಣ್ಣಿಗೆ ಕಂಡದ್ದಕ್ಕೆ ಬೆರಳು ಅಲ್ಲಾಡೋಕೇ 0.2 ಸೆಕೆಂಡ್ ಬೇಕು. ಅಲ್ಲಿಗೆ 12 ಫ್ರೇಮ್ ಹೋಯಿತು. ನಿಮ್ಮ ಟಿವಿಯಲ್ಲಿ 'ಗೇಮ್ ಮೋಡ್' ಆನ್ ಆಗಿಲ್ಲದಿದ್ದರೆ ಟಿವಿ ಚಿತ್ರಕ್ಕೆ ಬಣ್ಣ ಬಳಿಯುತ್ತಾ ಇನ್ನೂ ನಾಲ್ಕೈದು ಫ್ರೇಮ್ ನುಂಗಿಬಿಡುತ್ತೆ. ಉಳಿದ ಏಳೆಂಟು ಫ್ರೇಮ್‌ನಲ್ಲಿ ನೀವು ಚೆಂಡು ಯಾವುದು ಅಂತ ಗುರುತಿಸಿ, ಕರ್ಸರ್ ಒಯ್ದು, ಬಟನ್ ಒತ್ತಬೇಕು. ಹೇಗೆ ಆಗುತ್ತೆ?

ಹಾಗಾದರೆ ಅಸಲಿ ಬ್ಯಾಟರ್ ಹೇಗೆ ಹೊಡೀತಾನೆ? ಅವನಿಗೆ ಎರಡು ಕಣ್ಣಿನಿಂದ ಆಳ ಗೊತ್ತಾಗುತ್ತೆ. ಪಿಚರ್‌ನ ಭುಜ, ಮಣಿಕಟ್ಟು, ಚೆಂಡು ಕೈಯಿಂದ ಬಿಡೋ ಎತ್ತರ, ಎಲ್ಲ ನೋಡಿ ಚೆಂಡು ಹೊರಡೋ ಮುಂಚೆಯೇ ಅರ್ಧ ಲೆಕ್ಕ ಹಾಕಿರುತ್ತಾನೆ. ಚಪ್ಪಟೆ ಟಿವಿ ನಿಮಗೆ ಆ ಸುಳಿವು ಯಾವುದನ್ನೂ ಸರಿಯಾಗಿ ಕೊಡಲ್ಲ. ವೇಗ ಮಾತ್ರ ಅಸಲಿ ಇಟ್ಟು ಸುಳಿವು ಎಲ್ಲ ಕಿತ್ತುಕೊಂಡರೆ ಅದು ಅಸಲಿಗಿಂತ ಕಷ್ಟದ ಆಟ ಆಗುತ್ತೆ. ಅದಕ್ಕೇ ನಮ್ಮ ಕಸುಬಿನವರು ಚೆಂಡಿನ ವೇಗವನ್ನು ಸ್ವಲ್ಪ ಇಳಿಸ್ತಾರೆ, ಇಲ್ಲವೇ ಚೆಂಡು ಎಲ್ಲಿ ಬರುತ್ತೆ ಅಂತ ಸ್ಟ್ರೈಕ್ ಝೋನ್‌ನಲ್ಲಿ (ಬ್ಯಾಟರ್ ಹೊಡೆಯಬೇಕಾದ ಚೆಂಡು ಬರೋ ಚೌಕ) ಗುರುತು ತೋರಿಸ್ತಾರೆ. ಅದನ್ನು ಮೋಸ ಅಂದುಕೊಳ್ಳಬೇಡಿ. ಕಿತ್ತುಕೊಂಡದ್ದನ್ನು ಬೇರೆ ರೂಪದಲ್ಲಿ ವಾಪಸ್ ಕೊಡೋದು, ಅಷ್ಟೇ. ಆ ಗುರುತು ಆಫ್ ಮಾಡಿ 'ನಾನು ಪ್ಯೂರ್ ಆಗಿ ಆಡ್ತೀನಿ' ಅನ್ನೋರು ಇದ್ದಾರೆ, ಆಡಲಿ ಪಾಪ.

ಕ್ರಿಕೆಟ್ ಗೇಮ್‌ನಿಂದ ಬಂದವರಿಗೆ ಇನ್ನೊಂದು ಎಡವಟ್ಟು ಆಗುತ್ತೆ. ನಿಮ್ಮ ಬೆರಳು 'ಕವರ್ ಕಡೆ ಡ್ರೈವ್, ಲೆಗ್ ಕಡೆ ಪುಲ್' ಅಂತ ಶಾಟ್ ಆರಿಸೋಕೆ ಹುಡುಕುತ್ತೆ. ಇಲ್ಲಿ ಅದು ಮುಖ್ಯ ಅಲ್ಲ. ಕ್ರಿಕೆಟ್ ಬ್ಯಾಟ್ ಚಪ್ಪಟೆ. ಬೇಸ್‌ಬಾಲ್ ಬ್ಯಾಟ್ ದುಂಡಗೆ, ದಪ್ಪ ಇರೋ ಕಡೆ ಹೆಚ್ಚೆಂದರೆ 6.6 ಸೆಂ.ಮೀ. ಚೆಂಡೂ ದುಂಡಗೆ, ಸುಮಾರು 7.3 ಸೆಂ.ಮೀ. ಎರಡು ದುಂಡನೆಯವು ಮುಟ್ಟುವಾಗ ಕೆಲವೇ ಮಿಲಿಮೀಟರ್ ಮೇಲೆ ಕೆಳಗೆ ಆದರೆ ಸಾಕು, ನೆಲಕ್ಕೆ ಉರುಳೋ ಚೆಂಡು ಹೋಮ್‌ರನ್ ಆಗುತ್ತೆ, ಹೋಮ್‌ರನ್ ಆಗಬೇಕಾದ್ದು ಆಕಾಶಕ್ಕೆ ಹಾರಿ ಕ್ಯಾಚ್ ಆಗುತ್ತೆ. ಹಾಗಾಗಿ ಈ ಆಟಗಳಲ್ಲಿ ಕರ್ಸರ್‌ನ ಯಾವ ಭಾಗಕ್ಕೆ ಚೆಂಡು ತಾಗಿತು ಅನ್ನೋದೇ ಎಲ್ಲ. ಎಡಕ್ಕೆ ಬಲಕ್ಕೆ ಹೋಗೋದು ಟೈಮಿಂಗ್ ಮೇಲೆ. ಬಲಗೈ ಬ್ಯಾಟರ್ ಬೇಗ ಬೀಸಿದರೆ ಎಡಕ್ಕೆ, ತಡವಾದರೆ ಬಲಕ್ಕೆ. ಪವಪುರೊದಲ್ಲಿ ಜೋರಾಗಿ ಬೀಸೋ ಬಟನ್ ಒತ್ತಿದರೆ ಕರ್ಸರ್ ಚಿಕ್ಕದಾಗುತ್ತೆ. ಬಲ ಜಾಸ್ತಿ, ತಪ್ಪೋ ಸಾಧ್ಯತೆಯೂ ಜಾಸ್ತಿ. ಇದಕ್ಕಿಂತ ಅಸಲಿ ಏನು ಬೇಕು ಹೇಳಿ. ಅದು ಗೊಂಬೆ ಕೈಯಲ್ಲಿದೆ ಅಷ್ಟೇ.

ಗೊಂಬೆ ಅಂದಾಗ ನೆನಪಾಯಿತು. ಪವಪುರೊ ಆಟಗಾರರಿಗೆ ಕಾಲೇ ಇಲ್ಲ, ಗಮನಿಸಿದ್ದೀರಾ? ದೇಹ, ಅದರ ಕೆಳಗೆ ನೇರವಾಗಿ ಬೂಟು. ಮೂಗೂ ಇಲ್ಲ. ನೋಡಿದರೆ ನಗು ಬರುತ್ತೆ, ಆದರೆ ನಮ್ಮಂಥ ಕೆಲಸದವರಿಗೆ ಹೊಟ್ಟೆಕಿಚ್ಚು. ಯಾಕೆ ಅಂದರೆ ಅಸಲಿ ಮನುಷ್ಯನ ಹಾಗೆ ಕಾಣೋ ಫೀಲ್ಡರ್ ಓಡ್ತಾ ಓಡ್ತಾ ತಿರುಗಬೇಕಾದರೆ ಹೆಜ್ಜೆ ಊರಬೇಕು, ಸೊಂಟ ತಿರುಗಬೇಕು, ಆಮೇಲೆ ಕೈ ಎತ್ತಬೇಕು. ನೀವು ಬಟನ್ ಒತ್ತಿದರೂ ಆ ಹೆಜ್ಜೆ ಮುಗಿಯೋವರೆಗೆ ಅವನು ಕಾಯ್ತಾನೆ. ಕಾಯಿಸದೆ ತಿರುಗಿಸಿದರೆ ಕಾಲು ನೆಲದ ಮೇಲೆ ಜಾರಿದ ಹಾಗೆ ಕಾಣುತ್ತೆ, ಆಗ ನೀವೇ 'ಛೆ, ಅಸಲಿ ಅಲ್ಲ' ಅಂತೀರಿ. ಕಾಲಿಲ್ಲದ ಗೊಂಬೆಗೆ ಈ ತಾಪತ್ರಯ ಇಲ್ಲ. ಒತ್ತಿದ ತಕ್ಷಣ ತಿರುಗುತ್ತೆ. ಚಿತ್ರ ಅಸಲಿ ಆದಷ್ಟೂ ಕೈಗೆ ಭಾರ ಅನಿಸೋದಕ್ಕೆ ಇದೇ ಕಾರಣ. ಪ್ರೊಸ್ಪಿಯಲ್ಲಿ ಫೀಲ್ಡಿಂಗ್ ಬಿಗಿ ಅನಿಸಿದರೆ ನಿಮ್ಮ ತಪ್ಪಲ್ಲ. ಫೀಲ್ಡಿಂಗ್ ಆಟೊಗೆ ಹಾಕಿಬಿಡಿ, ನಾಚಿಕೆ ಏನೂ ಬೇಡ.

ಕಂಪ್ಯೂಟರ್ ಮೋಸದ ಮಾತು. ಡ್ರಾಗನ್ಸ್ ಇಟ್ಟುಕೊಂಡು ಹೋಮ್‌ರನ್ ಬೀಳ್ತಿಲ್ಲ ಅಂದಿರಲ್ಲ, ಓದಿ ನಕ್ಕುಬಿಟ್ಟೆ, ಬೇಜಾರು ಮಾಡ್ಕೋಬೇಡಿ. ಡ್ರಾಗನ್ಸ್ ತವರು ಮೈದಾನ, ನಿಮ್ಮೂರಿನ ಆ ಡೋಮ್‌ನಲ್ಲಿ 2025ರ ಸೀಸನ್‌ವರೆಗೆ ಬೇಲಿ ಎರಡೂ ಬದಿಗೆ 100 ಮೀಟರ್, ನಡುವೆ 122 ಮೀಟರ್ ದೂರ, ಅದರ ಮೇಲೆ 4.8 ಮೀಟರ್ ಎತ್ತರದ ಗೋಡೆ ಇತ್ತು. ಹೋಮ್‌ರನ್ ಬೀಳಲ್ಲ ಅನ್ನೋದಕ್ಕೇ ಹೆಸರಾದ ಮೈದಾನ. 2026ರ ಸೀಸನ್‌ಗೆ ಬೇಲಿಯನ್ನು ಒಳಕ್ಕೆ ತರಬೇಕು ಅಂತ ಅವರೇ ತೀರ್ಮಾನ ಮಾಡಿದ್ದು ಅದಕ್ಕೇ. ತಂಡವೂ 2022, 2023, 2024 ಮೂರೂ ವರ್ಷ ಸೆಂಟ್ರಲ್ ಲೀಗ್‌ನಲ್ಲಿ ಕೊನೇ ಜಾಗದಲ್ಲಿ ಮುಗಿಸಿತು. ಗೇಮ್ ಮಾಡಿದವರು ಅದನ್ನೆಲ್ಲ ನಿಯತ್ತಾಗಿ ಒಳಗೆ ಹಾಕಿದ್ದಾರೆ. ನಿಮಗೆ ಬೇಕಿದ್ದ ಅಸಲಿತನ ಸಿಕ್ಕಿದೆ, ಇಷ್ಟ ಆಗಿಲ್ಲ ಅಷ್ಟೇ! ಇದೇ ಬ್ಯಾಟರ್‌ಗಳನ್ನು ಯೊಕೊಹಾಮಾ ಮೈದಾನಕ್ಕೆ ಕರೆದುಕೊಂಡು ಹೋಗಿ ಆಡಿ ನೋಡಿ, ಅಲ್ಲಿ ಬದಿಗಳು ಹತ್ತಿರ, ವ್ಯತ್ಯಾಸ ಕಾಣುತ್ತೆ.

ಇನ್ನೂ ಒಂದು ಕಹಿ ಸತ್ಯ ಇದೆ. ಬೇಸ್‌ಬಾಲ್‌ನಲ್ಲಿ ಹತ್ತು ಸಲ ಬ್ಯಾಟ್ ಹಿಡಿದು ಮೂರು ಸಲ ಹಿಟ್ ಹೊಡೆದರೆ ಅವನು ಸ್ಟಾರ್. 2024ರಲ್ಲಿ ಜಪಾನಿನ ಎರಡೂ ಲೀಗ್ ಸೇರಿಸಿ, ಸೀಸನ್‌ಗೆ ಬೇಕಾದಷ್ಟು ಸಲ ಬ್ಯಾಟ್ ಮಾಡಿದವರಲ್ಲಿ .300 (ಅಂದರೆ ಹತ್ತಕ್ಕೆ ಮೂರು ಹಿಟ್) ದಾಟಿದ್ದು ಬರೀ ಮೂರು ಜನ. ನಿಜಕ್ಕೂ ಅಸಲಿ ಗೇಮ್ ಅಂದರೆ ಹತ್ತರಲ್ಲಿ ಏಳು ಸಲ ನೀವು ತಲೆ ತಗ್ಗಿಸಿ ಡಗೌಟ್‌ಗೆ ನಡೀಬೇಕು. ದುಡ್ಡು ಕೊಟ್ಟು ತಗೊಂಡು ಇಷ್ಟು ಸೋಲೋಕೆ ಎಷ್ಟು ಜನ ತಯಾರಿದ್ದಾರೆ? ಗೇಮ್ ಮಾಡುವವರು ಇದಕ್ಕೆ ಒಂದು ಮಧ್ಯದ ದಾರಿ ಹುಡುಕ್ತಾರೆ. ಪವಪುರೊ ಅದನ್ನು ಗುಣಗಳ ಮೇಲೆ ಹಾಕಿತು. ಪ್ರತಿ ಆಟಗಾರನಿಗೂ ಎಸ್‌ನಿಂದ ಜಿವರೆಗೆ ಗ್ರೇಡು. ಅವತ್ತಿನ ಮೂಡ್ ತೋರಿಸೋ ಪುಟ್ಟ ಮುಖ. ರನ್ನರ್‌ಗಳು ಬೇಸ್ ಮೇಲಿದ್ದಾಗ ಕುದುರಿಕೊಳ್ಳೋನು, ಎಡಗೈ ಪಿಚರ್ ಬಂದರೆ ಕಂಗಾಲಾಗೋನು, ಹೊಡೆತ ಬಿದ್ದ ತಕ್ಷಣ ಧೈರ್ಯ ಕಳೆದುಕೊಳ್ಳೋ ಪಿಚರ್, ಎಲ್ಲಕ್ಕೂ ಲೆಕ್ಕ ಇದೆ. ಫಾಸ್ಟ್‌ಬಾಲ್‌ಗೆ 'ನೊಬಿ' ಅಂತ ಒಂದು ಗುಣ ಇದೆ. ಇಬ್ಬರೂ 150 ಕಿ.ಮೀ. ಎಸೆದರೂ ನೊಬಿ ಚೆನ್ನಾಗಿರೋನ ಚೆಂಡು ಪ್ಲೇಟ್ ಹತ್ತಿರ ವೇಗ ಕಳೆದುಕೊಳ್ಳೋದು ಕಡಿಮೆ, ಅದಕ್ಕೆ ನಿಮ್ಮ ಸ್ವಿಂಗ್ ತಡ ಆಗುತ್ತೆ. ಕೈ ಸೋತರೆ 'ಮೋಸ' ಅನಿಸುತ್ತೆ. ಮೆನು ತೆಗೆದು ಆ ಪಿಚರ್‌ನ ಗುಣ ಓದಿದರೆ ಕಾರಣ ಅಲ್ಲೇ ಇರುತ್ತೆ.

ಹಾಗಂತ ಅದೃಷ್ಟದ ಪಾಲು ಇಲ್ಲವೇ ಇಲ್ಲ ಅನ್ನಲ್ಲ. ಸರಿಯಾಗಿ ತಾಗಿಸಿದರೂ ಚೆಂಡು ನೇರ ಫೀಲ್ಡರ್ ಕೈಗೆ ಹೋಗೋದು ಅಸಲಿ ಆಟದಲ್ಲೂ ಇದೆ. ನಮ್ಮ ಟೆಸ್ಟಿಂಗ್‌ನಲ್ಲಿ ಕಂಡಿದ್ದು ಏನೆಂದರೆ, ತಮಗೆ ಆದ ಮೂರು ಅನ್ಯಾಯ ಜನರಿಗೆ ಬಾಯಿಪಾಠ ಇರುತ್ತೆ. ಕಂಪ್ಯೂಟರ್‌ಗೆ ಆದ ಮೂರು ಅನ್ಯಾಯ ಒಬ್ಬರಿಗೂ ನೆನಪಿರಲ್ಲ.

ಸರಿ, ಈಗ ಮಾಡೋದೇನು.

ಪ್ರೊಸ್ಪಿ ಮಾರಬೇಡಿ, ಸದ್ಯಕ್ಕೆ. ಟಿವಿಯ ಗೇಮ್ ಮೋಡ್ ಆನ್ ಮಾಡಿ, ಇದು ಎಲ್ಲಕ್ಕಿಂತ ಮೊದಲು. ಆಮೇಲೆ ಒಟ್ಟಾರೆ ಲೆವೆಲ್ ಇಳಿಸಬೇಡಿ, ಇಪ್ಪತ್ತು ರನ್ ಬರೋದು ಅದರಿಂದಲೇ. ಒಟ್ಟಿಗೆ ಇಳಿಸಿದರೆ ವೇಗದ ಜೊತೆ ಎದುರಾಳಿ ಪಿಚರ್‌ನ ಬುದ್ಧಿಯೂ ಇಳಿಯುತ್ತೆ, ಸುಮ್ನೆ ನಡುವಿಗೇ ಎಸೆಯೋಕೆ ಶುರು ಮಾಡ್ತಾನೆ. ಎದುರಾಳಿಯ ಬುದ್ಧಿ ಮೇಲೆಯೇ ಇರಲಿ. ಚೆಂಡಿನ ವೇಗ ಮಾತ್ರ ಇಳಿಸಿ, ಚೆಂಡು ಬರೋ ಜಾಗದ ಗುರುತು ಆನ್ ಇಡಿ. ಪ್ರತಿ ಚೆಂಡಿಗೂ ಬೀಸಬೇಡಿ. ಎರಡು ಸ್ಟ್ರೈಕ್ ಆಗೋವರೆಗೆ (ಮೂರಾದರೆ ಔಟ್) ಸ್ಟ್ರೈಕ್ ಝೋನ್‌ನ ಒಂದು ಮೂಲೆ ಆರಿಸಿಕೊಂಡು ಅಲ್ಲಿಗೆ ಬಂದದ್ದಕ್ಕೆ ಮಾತ್ರ ಬೀಸಿ. ಈ ಒಂದು ಅಭ್ಯಾಸದಿಂದ ಆಟವೇ ಬೇರೆ ಥರ ಕಾಣುತ್ತೆ. ಇದರಲ್ಲಿರೋ ತೊಂದರೆ ಏನಂದರೆ ಗುರುತು ನೋಡಿ ನೋಡಿ ಪಿಚರ್ ಕೈ ನೋಡೋದು ಬಿಟ್ಟುಹೋಗುತ್ತೆ, ಆಮೇಲೆ ಗುರುತು ತೆಗೆದರೆ ಮತ್ತೆ ಒಂದನೇ ಕ್ಲಾಸು.

ಪವಪುರೊ ತಗೊಳ್ಳೋದಾದರೆ ನೀವು ಜಪಾನಿನಲ್ಲೇ ಇರೋದು ದೊಡ್ಡ ಅನುಕೂಲ. 2024ರ ಜುಲೈನಲ್ಲಿ ಬಂದ '2024-2025' ಆವೃತ್ತಿ ಪ್ಲೇಸ್ಟೇಷನ್ 4 ಮತ್ತು ನಿಂಟೆಂಡೊದ ಸ್ವಿಚ್ ಎರಡಕ್ಕೂ ಇದೆ. ಪ್ಲೇಸ್ಟೇಷನ್ 4ರದ್ದು ನಿಮ್ಮ 5ರಲ್ಲೂ ಓಡುತ್ತೆ. ಸೆಕೆಂಡ್ ಹ್ಯಾಂಡ್ ಅಂಗಡಿಗೆ ಹೋದರೆ ಹಳೇ ಆವೃತ್ತಿಗಳು ಅಗ್ಗಕ್ಕೆ ಸಿಗುತ್ತವೆ, ಆಟಗಾರರ ಪಟ್ಟಿ ಹಳೇದಾದ ತಕ್ಷಣ ಬೆಲೆ ಬೀಳುತ್ತೆ, ಆಟ ಮಾತ್ರ ಅಷ್ಟೇ ಚೆನ್ನಾಗಿರುತ್ತೆ. ಕರ್ನಾಟಕದಲ್ಲಿ ಕೂತು ಇದನ್ನು ಓದ್ತಿರೋರಿಗೆ ಒಂದು ಎಚ್ಚರಿಕೆ. 2025ರ ಮಾರ್ಚ್‌ನಿಂದ ನಿಂಟೆಂಡೊದ ಜಪಾನ್ ಆನ್‌ಲೈನ್ ಅಂಗಡಿ ಹೊರದೇಶದ ಕ್ರೆಡಿಟ್ ಕಾರ್ಡ್ ತಗೊಳ್ಳಲ್ಲ. ಪ್ರೀಪೇಯ್ಡ್ ಕಾರ್ಡ್ ಅಥವಾ ಕಾರ್ಟ್ರಿಜ್ ದಾರಿ ಹಿಡಿಯಬೇಕು.

ಭಾಷೆಯ ಕಷ್ಟ ಇದೆ, ಸುಳ್ಳು ಹೇಳಲ್ಲ. ಮ್ಯಾಚ್ ಆಡೋಕೆ ಕಷ್ಟ ಆಗಲ್ಲ, ಮೆನು ಜಾಗ ಕೈಗೆ ಬೇಗ ರೂಢಿ ಆಗುತ್ತೆ. ಆದರೆ ಪವಪುರೊದ ಜೀವ ಇರೋದು 1996ರಲ್ಲಿ ಮೂರನೇ ಆವೃತ್ತಿಯಿಂದ ಶುರುವಾದ 'ಸಕ್ಸಸ್' ಅನ್ನೋ ಮೋಡ್‌ನಲ್ಲಿ. ಅಲ್ಲಿ ನಿಮ್ಮದೇ ಒಬ್ಬ ಹುಡುಗನನ್ನು ಕಥೆಯ ಉದ್ದಕ್ಕೂ ಪ್ರಾಕ್ಟೀಸ್ ಮಾಡಿಸಿ ಬೆಳೆಸಬೇಕು. ಜಾಸ್ತಿ ದುಡಿಸಿದರೆ ಗಾಯ. ಮಧ್ಯದಲ್ಲಿ ಡಾಕ್ಟರ್ ಡೈಜೋಬು ಅಂತ ಒಬ್ಬ ಹುಚ್ಚು ವಿಜ್ಞಾನಿ ಬರ್ತಾನೆ, ಆಪರೇಷನ್ ಮಾಡಿಸ್ಕೊಳ್ತೀಯಾ ಅಂತ ಕೇಳ್ತಾನೆ. ಸರಿ ಹೋದರೆ ಹುಡುಗ ರಾತ್ರೋರಾತ್ರಿ ಸ್ಟಾರ್. ಕೆಟ್ಟರೆ ಅಷ್ಟು ದಿನದ ಬೆವರು ಮಣ್ಣುಪಾಲು. ಕೆಡೋದೇ ಜಾಸ್ತಿ, ಆದರೂ ಕೈ 'ಹೂಂ' ಅನ್ನೋ ಕಡೆಗೇ ಹೋಗುತ್ತೆ. ಇನ್ನೊಂದು ಮೋಡ್ 'ಎಯ್ಕನ್ ನೈನ್'. ಅದರಲ್ಲಿ ನೀವು ಹೈಸ್ಕೂಲ್ ತಂಡದ ಕೋಚ್. ಬ್ಯಾಟ್ ಹಿಡಿಯೋದು ಕಡಿಮೆ, ತೀರ್ಮಾನ ತಗೊಳ್ಳೋದು ಜಾಸ್ತಿ. ಚೆನ್ನಾಗಿ ತಯಾರಾದ ಹುಡುಗ ಮೂರು ವರ್ಷಕ್ಕೆ ಸ್ಕೂಲ್ ಮುಗಿಸಿ ಹೊರಟುಹೋಗ್ತಾನೆ, ಹೈಸ್ಕೂಲ್ ತಂಡಗಳ ರಾಷ್ಟ್ರೀಯ ಟೂರ್ನಿ ಕೊಶಿಯೆನ್ ತಲುಪಿರಲಿ ಬಿಡಲಿ. ಬೇಸಿಗೆಯಲ್ಲಿ ಇಡೀ ಜಪಾನ್ ಹೈಸ್ಕೂಲ್ ಹುಡುಗರ ಮ್ಯಾಚಿಗೆ ಯಾಕೆ ಟಿವಿ ಮುಂದೆ ಕೂರುತ್ತೆ ಅನ್ನೋದು ನಿಮಗೆ ಇದರಿಂದಲೇ ತಿಳಿಯಬಹುದು. ನನ್ನ ಲೆಕ್ಕದಲ್ಲಿ ಅತ್ಯಂತ ಅಸಲಿ ಬೇಸ್‌ಬಾಲ್ ಇರೋದು ಇಲ್ಲೇ. ಆದರೆ ಎರಡರಲ್ಲೂ ಓದೋದು ಬಹಳ, ಫೋನಿನ ಅನುವಾದ ಆ್ಯಪ್ ಕೈಯಲ್ಲಿ ಇಟ್ಟುಕೊಳ್ಳಿ.

ಮಗಳಿಗೆ? ಪವಪುರೊ ಬೇಗ ಹಿಡಿಸುತ್ತೆ. ಕರ್ಸರ್ ತಾನಾಗೇ ಚೆಂಡಿನ ಕಡೆ ಸರಿಯೋ 'ಲಾಕ್ ಆನ್' ಅನ್ನೋ ಸೌಲಭ್ಯ ಅವಳಿಗೆ ಆನ್ ಮಾಡಿ, ನಿಮಗೆ ಆಫ್. ಆಗ ಇಬ್ಬರೂ ಸರಿಸಮ ಆಡಬಹುದು. ಇನ್ನೂ ಹಗುರ ಬೇಕಾದರೆ 2020ರಲ್ಲಿ ಸ್ವಿಚ್‌ಗೆ ಬಂದ ಫ್ಯಾಮಿಸ್ಟಾ ಇದೆ. ಅದನ್ನು ಒಬ್ಬರೇ ಆಡಿದರೆ ಬೇಗ ಸಪ್ಪೆ ಆಗುತ್ತೆ, ಇಬ್ಬರು ಕೂತರೆ ಮಾತ್ರ ಮಜಾ. ಪ್ರೊಸ್ಪಿ ಅವಳ ಕೈಗೆ ಈಗಲೇ ಕೊಡಬೇಡಿ. ಸೋತು ಬೇಸರ ಬಂದು ಬೇಸ್‌ಬಾಲ್ ಕಡೆಗೇ ತಿರುಗಿ ನೋಡದೆ ಇರಬಹುದು.

ಫೋನಿನಲ್ಲಿ ಆಡೋ ಪ್ರೊಸ್ಪಿ ಎ, ಬೇಸ್‌ಬಾಲ್ ಸ್ಟಾರ್ ಒಹ್ತಾನಿ ಮುಖ ಇರೋ ಎಂಎಲ್‌ಬಿ ಪ್ರೊ ಸ್ಪಿರಿಟ್, ಇವು ಫ್ರೀ ಅಂತ ಯಾರಾದರೂ ಹೇಳಿಯೇ ಹೇಳ್ತಾರೆ. ಬ್ಯಾಟಿಂಗ್ ಚೆನ್ನಾಗೇ ಇದೆ, ಎರಡನೆಯದರಲ್ಲಿ ಇಂಗ್ಲಿಷೂ ಸಿಗುತ್ತೆ. ಆದರೆ ಒಳ್ಳೇ ಆಟಗಾರರು ಬರೋದು ಲಾಟರಿ ಥರದ ಗಾಚಾದಿಂದ. ಇನ್ನೊಂದೇ ಸಲ ಎಳೀತೀನಿ ಅಂತ ದುಡ್ಡು ಸುರಿದವರನ್ನು ನಾನು ಕಂಡಿದ್ದೇನೆ. ಅವರೆಲ್ಲ ಓದಿದ, ಒಳ್ಳೇ ಕೆಲಸದಲ್ಲಿರೋ ಜನವೇ. ಹಾಕಿಕೊಂಡರೆ ಫೋನಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳೋ ಹಾಗೆ ಮೊದಲೇ ಸೆಟ್ ಮಾಡಿ, ಮಗಳು ಆ ಫೋನ್ ಮುಟ್ಟೋದಾದರಂತೂ ತಪ್ಪದೇ ಮಾಡಿ.